ನಾಳೆ ಆಡಿದ ಮಾತು

ಕೊಳ್ಳೇಗಾಲ
19 ಜನವರಿ 2025

ಬಂಡಳ್ಳಿ ಶಾಲೆಯ ಅತಿಥಿ ಶಿಕ್ಷಕಿಯೂ, ಏಳನೇ ತರಗತಿಯ ಮಕ್ಕಳ ಭಯಪ್ರದಾಯಿನಿಯೂ ಆದ ಕುಮಾರಿ ಮೇಘನಾ ಅವರ ದಿವ್ಯ ಸನ್ನಿಧಾನಕ್ಕೆ,

ಹೊನ್ನೂರು ಪುಟ್ಟಮಾದಪ್ಪನವರ ಏಕಮಾತ್ರ ಪುತ್ರಿಯೂ, ಪತ್ರಿಕೋದ್ಯಮ ಮತ್ತು ಸಾರ್ವಜನಿಕ ಸಂಪರ್ಕ ಎಂ.ಎ. ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿನಿಯೂ, ಸದ್ಯಕ್ಕೆ ಡಂಗುರ ಈವೆಂಟ್ಸ್ ಅಂಡ್ ಮೀಡಿಯಾ ಎಂಬ ಮಹಾಸಂಸ್ಥೆಯಲ್ಲಿ ಸಂಬಳವಿಲ್ಲದ ಇಂಟರ್ನೂ ಆದ ಭವ್ಯಳು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಲೇ ಮೇಘಿ, ಫೋನ್ ಎತ್ತೇ.

ಎತ್ತಲ್ಲ, ಗೊತ್ತು. ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ನಮ್ಮಪ್ಪನ ಫೋನಿನಿಂದ ಮಾಡಿದೆ, ಅದನ್ನೂ ನೀನು ಬ್ಲಾಕ್ ಮಾಡಿದೆ. ಆ ಮನುಷ್ಯ ಮಾಡಿದ ಪಾಪವೇನು, ನನ್ನನ್ನು ಹುಟ್ಟಿಸಿದ್ದು ಬಿಟ್ಟರೆ? ಅದಕ್ಕೇ ಅಂಚೆ. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಯಾವ ಫೋನಿನಲ್ಲೂ ಬಂದಿಲ್ಲ.

ಕಟಕಟೆಯಲ್ಲಿ ನಿಂತ ಸಾಕ್ಷಿಯಂತೆ ಕ್ರಮವಾಗಿ ಹೇಳುತ್ತೇನೆ. ಹತ್ತನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಕೊಳ್ಳೇಗಾಲದಲ್ಲಿ ‘ಒಂಬತ್ತುಗಜ ಸಿಲ್ಕ್ಸ್’ ಮಳಿಗೆಯ ಉದ್ಘಾಟನೆ. ಕಾರ್ಯಕ್ರಮ ನಡೆಸಿಕೊಡುವುದು ನಮ್ಮ ಆಫೀಸು. ಹಿರಿಯ ನೇಕಾರರೆಂದು ನಿಮ್ಮ ತಾತ ವೆಂಕಟಸ್ವಾಮಿಯವರಿಗೆ ಸನ್ಮಾನವೆಂದು ಕಾರ್ಡಿನಲ್ಲಿ ಅಚ್ಚಾಗಿತ್ತು. ತಾತ ‘ನೋಡಾಣ’ ಎಂದಿದ್ದರು. ನಮ್ಮ ಬಾಸು ಶಾಂತಮೂರ್ತಿಯವರಿಗೆ ಅಷ್ಟು ಸಾಕು.

ಈಗ ನಮ್ಮ ಕಸುಬಿನ ಗುಟ್ಟೊಂದು. ಪ್ರೆಸ್ ನೋಟನ್ನು ಕಾರ್ಯಕ್ರಮ ಮುಗಿದ ಮೇಲೆ ಬರೆಯುತ್ತಾರೆಂದು ತಿಳಿದಿದ್ದರೆ ನೀನೊಂದು ಹಸುಗೂಸು. ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆಲ್ಲ ಬರೆದು ಪೇಪರಿನವರಿಗೆ ಮೇಲ್ ಮಾಡಿಬಿಡುತ್ತೇವೆ. ಅತಿಥಿಗಳು ದೀಪ ಬೆಳಗಿದರು, ಗಣ್ಯರು ಮಾತನಾಡಿದರು, ಸಭಿಕರು ಹರ್ಷಗೊಂಡರು. ಎಲ್ಲ ಆಗಿಹೋದ ಹಾಗೆ. ಮರುದಿನ ಹಾಗೇ ಆಗುತ್ತದೆ ಕೂಡ. ಗಣ್ಯರು ಮಾತನಾಡದೆ ಇಳಿದುಹೋದ ಉದಾಹರಣೆ ನಮ್ಮ ಸೀಮೆಯಲ್ಲಿಲ್ಲ.

ಈ ಸಲ ತಪ್ಪಿತು. ತಾತ ಬರಲಿಲ್ಲ. ವೇದಿಕೆಯಲ್ಲಿ ಅವರ ಕುರ್ಚಿ, ಕುರ್ಚಿಯ ಮೇಲೆ ಮಡಿಸಿದ ಶಾಲು, ಶಾಲಿನ ಮೇಲೆ ಒಂದು ನೊಣ. ನೋಟ್ ತಿದ್ದಬೇಕೆಂದು ಆ ಗದ್ದಲದಲ್ಲಿ ಯಾರೂ ಏಳಲಿಲ್ಲ. ಮರುದಿನ ಪೇಪರಿನಲ್ಲಿ ತಾತ ಬಂದಿದ್ದರು, ಸನ್ಮಾನ ಸ್ವೀಕರಿಸಿದ್ದರು, ಆ ಮಳಿಗೆಯ ಸೀರೆಯೆಲ್ಲ ಕೈಮಗ್ಗದ್ದೇ ಎಂದು ಸಾರಿದ್ದರು. ಪಕ್ಕದಲ್ಲಿ ಪೇಟ, ಶಾಲು, ಹಾರ ತೊಟ್ಟ ಫೋಟೋ.

ಆ ಫೋಟೋ ಎಲ್ಲಿಯದೆಂದು ಈ ಭೂಮಂಡಲದಲ್ಲಿ ನಾಲ್ಕೇ ಜನಕ್ಕೆ ಗೊತ್ತು. ಆಯುಧಪೂಜೆಯ ದಿನ ನಿಮ್ಮ ಮನೆಯಲ್ಲಿ, ಕಾಲೇಜಿನಿಂದ ನಾನು ಎಗರಿಸಿ ತಂದ ಪೇಟ ತೊಡಿಸಿ, ಮಗ್ಗದ ಮುಂದೆ ಕೂರಿಸಿ, ‘ನೇಯ್ಗೆ ಸಾಮ್ರಾಟ’ ಬಿರುದು ಪ್ರದಾನ ಮಾಡಿದೆವಲ್ಲ. ನೀನು ಮೂಗು ಹಿಡಿದುಕೊಂಡು ಮೈಕಿನ ದನಿಯಲ್ಲಿ ಬಿನ್ನವತ್ತಳೆ ಓದಿದೆ. ನಿಮ್ಮಮ್ಮ ನಗುತ್ತಾ ಒಲೆಯ ಮೇಲಿನ ಹಾಲು ಉಕ್ಕಿಸಿದರು. ಅದೇ ಫೋಟೋ. ಅದು ಹೇಗೋ ಆಫೀಸಿನ ಕೈಗೆ ಸಿಕ್ಕಿದೆ. ನೋಟೂ ಆಫೀಸಿನಿಂದಲೇ ಹೋಯಿತು.

ತಾತನಿಗೆ ಬೇಜಾರಾಗಿರಬಹುದು. ಇನ್ನೊಂದು ವಾರಕ್ಕೆ ಊರು ಮರೆಯುತ್ತದೆ ಕಣೇ. ಅನ್‌ಬ್ಲಾಕ್ ಮಾಡು.

ಇಂತಿ ತಮ್ಮ ಬ್ಲಾಕಿತ ವಿಧೇಯಳು,
ಭವ್ಯ

~

ಬಂಡಳ್ಳಿ
27 ಜನವರಿ 2025

ಭವ್ಯಾ,

ಕಾಗದ ಬಂತು. ನಗು ಬರಲಿಲ್ಲ.

ಊರು ಮರೆಯುತ್ತದೆ ಎಂದಿದ್ದೀಯ. ಏನನ್ನು ಮರೆಯಬೇಕೆಂದು ಹೇಳುತ್ತೇನೆ ಕೇಳು. ನೇಕಾರರ ಸಂಘಕ್ಕೆ ಬರುವ ಪ್ರತಿ ಸೀರೆಯನ್ನೂ ಮೂವತ್ತು ವರ್ಷದಿಂದ ತಾತ ಬೆರಳಿನಲ್ಲಿ ಸವರಿ ನೋಡುತ್ತಾರೆ. ಕೈಮಗ್ಗದ್ದೆಂದು ಖಾತ್ರಿಯಾದರೆ ಮಾತ್ರ ಸೆರಗಿನ ಮೂಲೆಗೆ ಅರಿಶಿನದ ದಾರದ ಗಂಟು ಹಾಕುತ್ತಾರೆ. ಆ ಗಂಟಿದ್ದರೆ ಕೊಳ್ಳುವವರು ಎರಡನೇ ಮಾತು ಕೇಳುವುದಿಲ್ಲ. ಸ್ವಂತ ತಮ್ಮನ ಸೀರೆಗೂ ಗಂಟು ಹಾಕದೆ ವಾಪಸು ಕೊಟ್ಟವರು ಅವರು.

ಉದ್ಘಾಟನೆಯ ಹಿಂದಿನ ಸಂಜೆ ತಾತ ಒಬ್ಬರೇ ಆ ಮಳಿಗೆಗೆ ಹೋಗಿದ್ದರು. ಸೀರೆ ಜೋಡಿಸುತ್ತಿದ್ದರಂತೆ. ಒಂದನ್ನು ಮುಟ್ಟಿ ನೋಡಿ, ಪವರ್‌ಲೂಮಿನದೆಂದು ತಿಳಿದು, ಏನೂ ಹೇಳದೆ ಮನೆಗೆ ಬಂದರು. ಮರುದಿನ ಹೋಗಲಿಲ್ಲ. ಹಿಂದಿನ ಸಂಜೆ ಅವರು ಆ ಮೆಟ್ಟಿಲಿಳಿದದ್ದನ್ನು ಕಂಡವರೂ ಈಗ ಉದ್ಘಾಟನೆಗೇ ಬಂದಿದ್ದರೆಂದು ಸಾಕ್ಷಿ ಹೇಳುತ್ತಿದ್ದಾರೆ.

ಹದಿನಾರನೇ ತಾರೀಖು ಕಾಮಗೆರೆ ಆಸ್ಪತ್ರೆಯಲ್ಲಿ ತಾತನ ಕಣ್ಣಿನ ಪೊರೆ ತೆಗೆದರು. ಮರುದಿನವೇ ಸಂಘದ ಅಧ್ಯಕ್ಷರು ಗುರುಮಲ್ಲಪ್ಪನವರು ಮನೆಗೆ ಬಂದು ಪೇಪರು ಓದಿ ಹೇಳಿದರು. ತಾತ “ನಾನು ಓಗಿಲ್ವಲ್ಲಪ್ಪ” ಅಂದರು. ಗುರುಮಲ್ಲಪ್ಪನವರು ಫೋಟೋ ಮುಂದೆ ಹಿಡಿದರು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರ ಮುಂದೆ. ತಮಾಷೆಗೆ ತೆಗೆದದ್ದು ಎಂದು ಅಮ್ಮ ಹೇಳಿದರೆ, “ಇಂತಾ ತಮಾಸೆ ಯಾರ್ ಮಾಡ್ತಾರೆ ರುದ್ರಾಣಮ್ಮ?” ಎಂದರು. ಸಂಘದ ಬಾಗಿಲಿಗೆ ‘ಇಲ್ಲಿ ಹಲ್ಲು ಕೀಳಲಾಗುವುದು’ ಎಂದು ತಮಾಷೆಗೆ ಬೋರ್ಡು ತಗಲಿಸಿದವಳ, ಅಂದರೆ ನಿನ್ನ, ಹೆಸರು ಅಮ್ಮನ ಬಾಯಿಗೆ ಬಂದಿತ್ತು. ನುಂಗಿಕೊಂಡರು. ಪವರ್‌ಲೂಮಿಗೆ ಕೈಮಗ್ಗದ ಸಾಕ್ಷಿ ಹೇಳಿದವರ ಬಳಿ ಇರಬಾರದೆಂದು, ಹೋಗುವಾಗ ಗುರುಮಲ್ಲಪ್ಪನವರು ಗಂಟಿನ ದಾರದ ಉಂಡೆ ತೆಗೆದುಕೊಂಡು ಹೋದರು. ಮಾರ್ಚ್ ಎರಡಕ್ಕೆ ಸದಸ್ಯರ ಸಭೆ. ಅವತ್ತು ಅದನ್ನು ಬೇರೆಯವರ ಕೈಗೆ ಕೊಡುತ್ತಾರೆ.

ಎಲ್ಲರೂ ಹೇಳುವುದು ಒಂದೇ: “ಮಾತು ಅವರ್ದೇ ಕಣ್ರಿ. ಓದುದ್ರೆ ಅವ್ರೇ ಮುಂದೆ ಕೂತು ಮಾತಾಡ್ದಂಗದೆ.” ನನಗೂ ಹಾಗೇ ಅನ್ನಿಸಿತು. ಅವತ್ತು ತಾತನನ್ನು ನಾನೊಂದು ಪ್ರಶ್ನೆ ಕೇಳಿದೆ. ಏನೆಂದು ನಿನಗೆ ಹೇಳುವುದಿಲ್ಲ.

ನನಗೆ ಬೇಕಾದ್ದು ಒಂದೇ ಉತ್ತರ. ಆ ಮಾತು ಬರೆದವರು ಯಾರು?

ಮೇಘನಾ ವಿ.

~

ಹೊನ್ನೂರು
6 ಫೆಬ್ರವರಿ 2025

ಪ್ರಿಯ ಮೇಘಿ,

ಬಿರುದಾವಳಿ ಇಲ್ಲದೆ ಶುರು ಮಾಡಿದ್ದೇನೆ, ಗಮನಿಸು. ದಾರದ ಉಂಡೆಯ ವಿಷಯ ನನಗೆ ಗೊತ್ತಿರಲಿಲ್ಲ.

ನಿನ್ನ ಕಾಗದ ಬಂದ ದಿನ ನಾವು ಹನೂರಿನಲ್ಲಿದ್ದೆವು. ಒಂದು ಖಾಸಗಿ ನರ್ಸರಿಯ ‘ಹಸಿರು ಹನೂರು’ ಕಾರ್ಯಕ್ರಮ. ಹಿಂದಿನ ದಿನವೇ ಬರೆದ ನೋಟಿನ ಪ್ರಕಾರ ಮುಖ್ಯ ಅತಿಥಿಗಳು ಗಿಡ ನೆಟ್ಟು, ಪರಿಸರದ ಮಹತ್ವ ಕುರಿತು ಮನಮುಟ್ಟುವಂತೆ ಮಾತನಾಡಿದ್ದರು. ಆದದ್ದು ಇಷ್ಟು: ಅತಿಥಿ ಬರಲಿಲ್ಲ. ಗಿಡ ತರುವ ಆಟೋ ದಾರಿಯಲ್ಲಿ ಕೆಟ್ಟಿತು. ಬಂದಿದ್ದು ಗುಂಡಿ ಒಂದೇ. ನಾವೆಲ್ಲ ಗುಂಡಿಯ ಸುತ್ತ ಶ್ರದ್ಧೆಯಿಂದ ನಿಂತೆವು. ಫೋಟೋಗ್ರಾಫರು “ಎಲ್ಲಾ ಸ್ವಲ್ಪ ಬಗ್ಗಿ, ಗಿಡ ನೋಡ್ತಿರಂಗೆ” ಅಂದ. ಬಗ್ಗಿದೆವು.

ಬಗ್ಗಿದಾಗಲೇ ತಾತ ನೆನಪಾದರು. ವಾಪಸು ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ.

“ಸಾ, ಒಂದು ತಿದ್ದುಪಡಿ ಕಳಿಸ್ಬೇಕು.”

“ಯಾವ್ದಕ್ಕವ್ವ?”

“ಒಂಬತ್ತುಗಜದ್ದಕ್ಕೆ. ವೆಂಕಟಸ್ವಾಮಿಯವ್ರು ಅವತ್ತು ಬಂದೇ ಇರ್ಲಿಲ್ಲ.”

“ಕಾರ್ಡಲ್ಲಿ ಎಸ್ರಿತ್ತು ತಾನೇ? ಬರದೇ ಇದ್ದುದ್ದು ಅವರ ತಪ್ಪು.”

ಈ ತರ್ಕವನ್ನು ನಾನು ಎರಡು ಕಿಲೋಮೀಟರ್ ಯೋಚಿಸಿದೆ. ಆಮೇಲೆ ಅವರೇ ಮೆತ್ತಗೆ ಹೇಳಿದರು: “ನೋಡು, ಒಂದ್ ಸಲ ತಿದ್ದುಪಡಿ ಅಂತ ಕಳ್ಸುದ್ರೆ ಇಲ್ಲೀಗಂಟ ಕಳ್ಸಿರೋದ್ನೆಲ್ಲ ಜನ ಕೆದಕಿ ನೋಡ್ತಾರೆ. ಮಾರ್ಚ್ ಮೂವತ್ತೊಂದಕ್ಕೆ ನಿಂಗೆ ಸರ್ಟಿಫಿಕೇಟ್ ಬೇಕಾ, ಬ್ಯಾಡ್ವಾ?”

ಬೇಕು ಮೇಘಿ. ಅವರ ಸಹಿ ಇಲ್ಲದಿದ್ದರೆ ಇಂಟರ್ನ್‌ಶಿಪ್ ಆಗಿಲ್ಲವೆಂದೇ ಲೆಕ್ಕ, ಇಂಟರ್ನ್‌ಶಿಪ್ ಆಗದಿದ್ದರೆ ಎಂ.ಎ. ಇಲ್ಲ. ನಮ್ಮಪ್ಪ ಯಳಂದೂರು ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ “ನಮ್ಮುಡ್ಗಿ ಪೇಪರ್‌ನೋಳು” ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಮೊನ್ನೆ ಕಂಡಕ್ಟರು ನನಗೆ ಎದ್ದು ಸೀಟು ಕೊಟ್ಟ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಪ್ರೆಸ್ ನೋಟೆಂಬುದು ಒಬ್ಬರ ಕೃತಿಯಲ್ಲ, ಅದೊಂದು ಸಾಮೂಹಿಕ ಕಲೆ. ಒಬ್ಬರು ಹೇಳುತ್ತಾರೆ, ಒಬ್ಬರು ಟೈಪ್ ಮಾಡುತ್ತಾರೆ, ಒಬ್ಬರು ತಿದ್ದುತ್ತಾರೆ. ಇಂಥವರದೇ ಎಂದು ಬೆರಳು ತೋರಿಸುವುದು ಕಷ್ಟ.

ಏನಾದರೂ ಮಾಡುತ್ತೇನೆ.

ನಿನ್ನ,
ಭವ್ಯ

~

ಬಂಡಳ್ಳಿ
12 ಫೆಬ್ರವರಿ 2025

ಸಾಮೂಹಿಕ ಎಂದರೆ ಎಷ್ಟು ಜನ? ಹೆಸರು ಬರೆ. ಸಭೆಗೆ ಹದಿನೆಂಟು ದಿನ ಉಳಿದಿದೆ.

ಮೇಘನಾ ವಿ.

~

ಹೊನ್ನೂರು
17 ಫೆಬ್ರವರಿ 2025

ಮೇಘಿ,

ಒಬ್ಬಳು. ನಾನು.

ಈ ಎರಡು ಪದ ಬರೆಯಲು ಮೂರು ದಿನ ಬೇಕಾಯಿತು. ನಿನ್ನ ಕಾರ್ಡನ್ನು ಅಮ್ಮ ಅಕ್ಕಿ ಡಬ್ಬದ ಮೇಲಿಟ್ಟಿದ್ದಳು. ಹೋಗಿ ಬಂದು ಅದೇ ಕಾಣುತ್ತಿತ್ತು.

ಜನವರಿ ಒಂಬತ್ತರ ಮಧ್ಯಾಹ್ನ ಶಾಂತಮೂರ್ತಿಯವರು, “ನೇಕಾರರ ಬಾಯಲ್ಲಿ ನಾಕು ಸಾಲು ಬೇಕು ಕಣವ್ವ, ಅವರೇ ಮಾತಾಡ್ದಂಗಿರ್ಬೇಕು” ಅಂದರು. ಆಫೀಸಿನಲ್ಲಿ ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ನಾನು ಆಗುತ್ತದೆ ಎಂದೆ. ನಾನು ತಾತನ ಹಾಗೆ ಮಾತನಾಡುವುದು ನಿನಗೆ ಗೊತ್ತಲ್ಲ, ಅವರ ಮುಂದೆಯೇ ಎಷ್ಟು ಸಲ ಮಾಡಿ ತೋರಿಸಿದ್ದೇನೆ. ಎದ್ದು ನಿಂತು, ಬೆರಳು ಬೆರಳು ಉಜ್ಜಿಕೊಂಡು, ಅವರ ಹಾಗೇ ಕೆಮ್ಮಿ, “ಕಣ್ಣು ಮೋಸ ಓಯ್ತದೆ ಕವ್ವ, ಕೈ ಓಗಕ್ಕಿಲ್ಲ. ಮುಟ್ಟಿ ನೋಡಿವ್ನಿ. ಇಲ್ಲಿರೋದೆಲ್ಲ ಕೈಮಗ್ಗದ್ದೇಯ” ಅಂದೆ. ಆಫೀಸಿನವರು ಚಪ್ಪಾಳೆ ತಟ್ಟಿದರು. ಕೂತು ಟೈಪ್ ಮಾಡಿದೆ. ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಕಳಿಸಿದೆ. ಮೇಲ್ ನನ್ನ ಹೆಸರಿನಿಂದಲೇ ಹೋಗಿದೆ.

ಫೋಟೋ ಹೇಗೋ ಸಿಕ್ಕಿತು ಎಂದು ಬರೆದಿದ್ದೆ. ಅದು ಸುಳ್ಳು. ನನ್ನ ಫೋನಿನಲ್ಲಿತ್ತು, ನಾನೇ ಕೊಟ್ಟೆ. ಹಿಂದೆ ಮಗ್ಗ ಕಾಣುತ್ತಿತ್ತು. ವೇದಿಕೆಯ ಹಾಗೆ ಕಾಣಲೆಂದು ಮಗ್ಗವನ್ನು ಕತ್ತರಿಸಿ ತೆಗೆದೆ.

ತಾತ ಬಂದೇ ಬರುತ್ತಾರೆ, ಹೇಗಿದ್ದರೂ ಒಳ್ಳೆಯ ಮಾತೇ ಆಡುತ್ತಾರೆ ಎಂದುಕೊಂಡಿದ್ದೆ. ಅವರು ಬಾರದ ದಿನ ನಾನು ಒಂದು ಫೋನ್ ಮಾಡಿದ್ದರೆ ಪೇಪರಿನಲ್ಲಿ ನಿಲ್ಲಿಸಬಹುದಿತ್ತು. ಯಾರೂ ಏಳಲಿಲ್ಲ ಎಂದು ಬರೆದಿದ್ದೆನಲ್ಲ, ಆ ಯಾರೂ ನಾನೇ. ನನ್ನ ಸಾಲುಗಳು ಅಚ್ಚಾಗುವುದನ್ನು ನೋಡುವ ಆಸೆ ಇತ್ತು ಮೇಘಿ. ಪೇಪರಿನ ಮೂರು ಪ್ರತಿ ತಂದೆ. ಒಂದನ್ನು ಅಪ್ಪ ಗೋಡೆಗೆ ಅಂಟಿಸಿದ. ಇವತ್ತು ಕಿತ್ತೆ, ಸುಣ್ಣವೂ ಜೊತೆಗೆ ಬಂತು.

ಪೆನ್ನು ಒತ್ತಿ ಎರಡು ಕಡೆ ಹಾಳೆ ಹರಿದಿದೆ. ಬೇರೆ ಹಾಳೆಯಲ್ಲಿ ಬರೆದರೆ ಕಳಿಸಲಾರೆನೇನೋ ಎಂದು ಇದನ್ನೇ ಕಳಿಸುತ್ತಿದ್ದೇನೆ. ತಾತನಿಗೆ ಓದಿ ಹೇಳು. ಒಂದಕ್ಷರ ಬಿಡಬೇಡ.

ಭವ್ಯ

~

ಹೊನ್ನೂರು
1 ಮಾರ್ಚ್ 2025

ಮೇಘಿ,

ಹನ್ನೆರಡು ದಿನವಾಯಿತು, ನಿನ್ನಿಂದ ಕಾಗದವಿಲ್ಲ. ನಾಳೆ ಸಭೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಾಗಾಗಿ ಅಭ್ಯಾಸಬಲದಿಂದ ನೋಟ್ ಇವತ್ತೇ ಬರೆದಿಟ್ಟಿದ್ದೇನೆ:

‘ಕೊಳ್ಳೇಗಾಲ, ಮಾ. 2: ನೇಕಾರರ ಸಂಘದ ಸಭೆಯಲ್ಲಿ ಭವ್ಯ ಎಂಬ ವಿದ್ಯಾರ್ಥಿನಿ ಎದ್ದು ನಿಂತು, ವೆಂಕಟಸ್ವಾಮಿ ಅವರು ಆಡದ ಮಾತನ್ನು ತಾನೇ ಬರೆದದ್ದಾಗಿ ಒಪ್ಪಿಕೊಂಡಳು. ವೆಂಕಟಸ್ವಾಮಿ ಅವರು ಮಾತನಾಡಿ, “                    ” ಎಂದರು.’

ನಡುವೆ ಖಾಲಿ ಬಿಟ್ಟಿದ್ದೇನೆ. ಏನಾದರೂ ತುಂಬು ತುಂಬು ಎಂದು ಕೈ ತುರಿಸುತ್ತಿದೆ. ತುಂಬಿಲ್ಲ.

ಸಭೆಯಲ್ಲಿ ಆ ಮೇಲ್ ತೋರಿಸುತ್ತೇನೆಂದು ಶಾಂತಮೂರ್ತಿಯವರಿಗೆ ನಾನೇ ಹೇಳಿದೆ. ಬೆನ್ನ ಹಿಂದೆ ಮಾಡುವುದು ಬೇಡವೆನಿಸಿತು. ಅವರು ಕೂಗಾಡಲಿಲ್ಲ. “ಆಪೀಸಿನ ಮೇಲ್ ಆಚೆ ಓಯ್ತು ಅಂದ್ರೆ ಸೋಮವಾರದಿಂದ ಬರ್ಬ್ಯಾಡ. ಸರ್ಟಿಫಿಕೇಟೂ ಕೇಳ್ಬ್ಯಾಡ” ಎಂದು ಹೇಳಿ ಚಹಾ ತರಿಸಿಕೊಟ್ಟರು.

ಅಪ್ಪನಿಗೆ ಇನ್ನೂ ಹೇಳಿಲ್ಲ. ಸಂಘದಲ್ಲಿ ಯಾವುದೋ ಕಾರ್ಯಕ್ರಮ ಎಂದುಕೊಂಡು ನನ್ನ ಜೊತೆ ಬರುತ್ತೇನೆಂದು ಹೊಸ ಪಂಚೆ ತೆಗೆದಿಟ್ಟುಕೊಂಡಿದ್ದಾನೆ.

ಭವ್ಯ

~

ಹೊನ್ನೂರು
9 ಮಾರ್ಚ್ 2025

ಮೇಘಿ,

ನೀನು ಬರಲಿಲ್ಲ. ನಿಮ್ಮಮ್ಮ, ತಾತನ ಕೈ ಹಿಡಿದುಕೊಂಡು ಬಂದಿದ್ದರು. ನೀನ್ಯಾಕೆ ಬರಲಿಲ್ಲವೆಂದು ನಾನು ಕೇಳಲಿಲ್ಲ.

ಅರವತ್ತು ಜನರಿದ್ದರು. ತಾತ ಕಪ್ಪು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ದಾರದ ಉಂಡೆ. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಸಿದ್ಧವಾಗಿದ್ದೆ. ಯಾರೂ ಬೈಯಲಿಲ್ಲ. ಅವರು ನಂಬಲಿಲ್ಲ.

“ಏನವ್ವಾ, ಇದೂ ನಿನ್ನ ನಾಟಕ್ವಾ?” ಎಂದರು ಗುರುಮಲ್ಲಪ್ಪನವರು. “ನಮ್ ಬಾಗ್ಲಿಗೆ ಅಲ್ಲು ಕೀಳೋ ಡಾಕ್ಟ್ರ ಬೋರ್ಡು ಆಕ್ದೋಳು ನೀನೇ ಅಲ್ವಾ? ನಾಕು ಜನ ದವಡೆ ಇಡ್ಕಂಡು ಒಳಕ್ಕೆ ಬಂದಿದ್ರು!”

ಸಭೆ ನಕ್ಕಿತು. ಹಿಂದಿನಿಂದ ಯಾರೋ, “ಅಜ್ಜನ್ನ ಉಳ್ಸಕೆ ಮಗು ತನ್ ತಲೆ ಮ್ಯಾಲೆ ಆಕೊತಾ ಅದೆ ಬುಡಿ” ಎಂದರು. ನಾನು ಮಾಡಿದ ಪ್ರತಿಯೊಂದು ತಮಾಷೆಯೂ ಆ ಹಾಲಿನಲ್ಲಿ ನನಗೆ ಅಡ್ಡ ನಿಂತಿತ್ತು. ನಿಜ ಹೇಳುತ್ತಿದ್ದೇನೆ ಎಂದು ಅತ್ತೆ. ಅದಕ್ಕೂ ಒಬ್ಬರು, “ಚೆನ್ನಾಗಿ ಮಾಡ್ತಾಳೆ” ಎಂದರು.

ಆಗ ಫೋನ್ ತೆಗೆದೆ. ಅಲ್ಲಿಯವರೆಗೂ, ಫೋನ್ ತೆಗೆಯದೆಯೇ ಕೆಲಸ ಆಗಬಹುದೆಂದು ಒಳಗೊಳಗೇ ಆಸೆ ಇತ್ತು. ನಾನು ಕಳಿಸಿದ ಮೇಲ್ ತೆರೆದು ಅಧ್ಯಕ್ಷರ ಕೈಗೆ ಕೊಟ್ಟೆ. ಉದ್ಘಾಟನೆಯ ಕಾರ್ಡನ್ನು ಪಕ್ಕದಲ್ಲಿಟ್ಟೆ. ಅವರು ಕನ್ನಡಕ ಏರಿಸಿ ಮೇಲ್ ಪೂರ್ತಿ ಓದಿದರು. ತಾರೀಖು ನೋಡಿದರು. ಕಾರ್ಡು ನೋಡಿದರು. ಮತ್ತೆ ತಾರೀಖು.

“ಇದು ಒಂಬತ್ತನೇ ತಾರೀಕು, ಮೂರು ಗಂಟೆ. ಪಂಕ್ಸನ್ನು ಅತ್ತನೇ ತಾರೀಕು, ಅನ್ನೊಂದು ಗಂಟೆ.”

“ಹೌದು ಸಾ.”

“ನಾಳೆ ಆಡೋ ಮಾತ ಇವತ್ತೇ ಬರ್ದುಬುಟ್ಟಿದ್ದೀರಾ?”

“ಹೌದು ಸಾ. ನಾವು ಹಂಗೇ ಬರೆಯೋದು.”

ಫೋನ್ ಕೈಯಿಂದ ಕೈಗೆ ಹೋಯಿತು. ಆಮೇಲೆ ಯಾರೂ ನಗಲಿಲ್ಲ. ಗೋಡೆಗೊರಗಿ ನಿಂತಿದ್ದ ನಮ್ಮಪ್ಪ ಹೊಸ ಪಂಚೆಯ ತುದಿ ಹಿಡಿದುಕೊಂಡು ನೆಲ ನೋಡುತ್ತಿದ್ದ.

ತಾತನಿಗೆ ಮಾತನಾಡಿ ಎಂದರು. ಅವರು ಎದ್ದು ನಿಂತರು. ನನ್ನ ಕಡೆ ತಿರುಗಿದರು, ಕಂಡೆನೋ ಇಲ್ಲವೋ ಗೊತ್ತಿಲ್ಲ. “ಇವತ್ತು ನಾನು ಬಂದಿವ್ನಿ. ಅಷ್ಟು ಬರ್ಕೊಳವ್ವ” ಎಂದು ಹೇಳಿ ಕೂತರು. ಖಾಲಿ ಬಿಟ್ಟ ಜಾಗಕ್ಕೆ ಅದನ್ನೇ ಬರೆದೆ. ನಾನು ಏನು ತುಂಬಿದ್ದರೂ ಅದು ಆಗುತ್ತಿರಲಿಲ್ಲ.

ದಾರದ ವಿಷಯ ಯೋಚಿಸಿ ಹೇಳುತ್ತೇವೆ ಎಂದರು. ಏನಾಯಿತೆಂದು ನನಗೆ ತಿಳಿಸುವವರು ಯಾರೂ ಇಲ್ಲ.

ನೋಟ್ ಕಳಿಸಿದೆ. ಪೇಪರಿನಲ್ಲಿ ಆರನೇ ಪುಟದ ಕೆಳಗೆ ನಾಲ್ಕು ಸಾಲು ಬಂದಿದೆ. ಸೋಮವಾರ ಆಫೀಸಿಗೆ ಹೋದರೆ ನನ್ನ ಕುರ್ಚಿಯ ಮೇಲೆ ಬ್ಯಾನರು ಸುತ್ತಿಟ್ಟಿದ್ದರು. ಸರ್ಟಿಫಿಕೇಟ್ ಇಲ್ಲ. ಮುಂದಿನ ಬ್ಯಾಚಿನವರ ಜೊತೆ ಇಂಟರ್ನ್‌ಶಿಪ್ ಮೊದಲಿನಿಂದ ಮಾಡಬೇಕು ಎಂದಿದ್ದಾರೆ ನಮ್ಮ ಕಾಲೇಜಿನ ಮೇಡಮ್ಮು.

ಸಭೆಯ ದಿನ ಅಪ್ಪನ ಜೊತೆ ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರು, “ಏನ್ ಪುಟ್ಟಮಾದಪ್ಪಾರೇ, ಪೇಪರ್‌ನೋಳು ಏನಂತಾಳೆ?” ಅಂದ. ಅಪ್ಪ, “ಎರಡು ಹೊನ್ನೂರು ಕೊಡಪ್ಪ” ಅಂದ, ಅಷ್ಟೇ.

ಭವ್ಯ

~

ಕೊಳ್ಳೇಗಾಲ
23 ಮಾರ್ಚ್ 2025

ಭವ್ಯಾ,

ನಾನು ತಾತನನ್ನು ಕೇಳಿದ ಪ್ರಶ್ನೆ ಇದು: “ತಾತ, ನಿಜವಾಗ್ಲೂ ಹೋಗಿರ್ಲಿಲ್ವಾ?” ಆ ಫೋಟೋ ತೆಗೆಯುವಾಗ ಬಿನ್ನವತ್ತಳೆ ಓದಿದವಳು ನಾನು. ಎಲ್ಲ ಗೊತ್ತಿದ್ದೂ ಕೇಳಿದೆ. ಅಷ್ಟು ಚೆನ್ನಾಗಿ ಬರೆದಿದ್ದೆ ನೀನು. ತಾತ ಗೋಡೆಯ ಕಡೆ ತಿರುಗಿ ಮಲಗಿದರು. ಸಭೆಗೆ ಬಂದು ಅವರ ಪಕ್ಕದಲ್ಲಿ ಕೂರುವ ಮುಖ ನನಗಿರಲಿಲ್ಲ. ನಿನ್ನನ್ನು ಬ್ಲಾಕ್ ಮಾಡಿದೆ. ನನ್ನನ್ನು ಏನು ಮಾಡಲಿ?

ನಿನ್ನ ಫೆಬ್ರವರಿಯ ಕಾಗದವನ್ನು ತಾತನಿಗೆ ಓದಿರಲಿಲ್ಲ. ಇವತ್ತು ಮನೆಗೆ ಬಂದು ಓದಿದೆ, ನನ್ನ ಪ್ರಶ್ನೆಯ ಮಾತನ್ನೂ ಎತ್ತಿದೆ. “ಬುಡು, ಮಕ್ಕಳು” ಎಂದರು. ಆಮೇಲೆ ಕಾಗದ ಈಸಿಕೊಂಡರು. ಕಣ್ಣು ಇನ್ನೂ ಓದುವಷ್ಟಾಗಿಲ್ಲ. ಹಾಳೆ ತಿರುವಿ ಹಿಂದಿನಿಂದ ಬೆರಳಲ್ಲಿ ಸವರುತ್ತಾ ಕೂತರು, ಸೀರೆ ನೋಡುವ ಹಾಗೆ. ಹರಿದ ಎರಡು ಜಾಗದಲ್ಲೂ ಬೆರಳು ನಿಂತಿತು.

“ಇದು ಕೈದೇಯ” ಎಂದರು.

ಗುರುಮಲ್ಲಪ್ಪನವರು ದಾರದ ಉಂಡೆಯನ್ನು ಮೊನ್ನೆಯೇ ತಂದುಕೊಟ್ಟು, ಹೊಸ್ತಿಲಲ್ಲೇ ನಿಂತು ಕೈಮುಗಿದು ಹೋದರು. ತಾತ ಇವತ್ತಿನವರೆಗೆ ಅದನ್ನು ಮುಟ್ಟಿರಲಿಲ್ಲ. ಸಂಘದ ಸೀರೆಗಳು ಮೂಲೆಯಲ್ಲಿ ಕಾಯುತ್ತಿವೆ.

ನಿನ್ನ ಕಾಗದವನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ಹಾಳೆಯ ಮೂಲೆಯಲ್ಲಿ ದಾರದ ಗಂಟಿದೆ, ಬಿಚ್ಚಬೇಡ. ನಾನು ಹಾಕಿದ್ದಲ್ಲ.

ಪುಟ್ಟಮಾದಪ್ಪನವರ ನಂಬರನ್ನು ಇವತ್ತು ಅನ್‌ಬ್ಲಾಕ್ ಮಾಡಿದೆ. ನಿನ್ನದನ್ನು ಇನ್ನೂ ಮಾಡಿಲ್ಲ. ಕಾಗದ ಬರಿ.

ಮೇಘಿ